ಯಂತ್ರದೊಳಗಣ ಯಂತ್ರ ಮತ್ತು ಅದರ ಬಾಗಿಲು

ಒಂದು ಕಂಪ್ಯೂಟರಿನೊಳಗೆ ಮತ್ತೊಂದು ಕಂಪ್ಯೂಟರು ಇರಬಲ್ಲುದೇ? ಇರಬಲ್ಲುದು. ನಿಜವಾದ ಯಂತ್ರದ ಸ್ಮೃತಿಯಲ್ಲಿಯೂ ಗಣನಶಕ್ತಿಯಲ್ಲಿಯೂ ಒಂದೊಂದು ಪಾಲನ್ನು ಬೇರ್ಪಡಿಸಿ, ಅದನ್ನೇ ಪೂರ್ಣ ಯಂತ್ರವೆಂಬಂತೆ ನಡೆಸಿದರೆ ಅದು ವರ್ಚುಯಲ್ ಮಷೀನ್, ಎಂದರೆ ಕಲ್ಪಿತ ಯಂತ್ರ, ಎನಿಸುತ್ತದೆ. ಐ.ಬಿ.ಎಂ. ಸಂಸ್ಥೆಯು 1960ರ ದಶಕದಲ್ಲಿಯೇ ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಸಾಧಿಸಿತ್ತು. 2007ರಲ್ಲಿ ಲಿನಕ್ಸ್ ವ್ಯವಸ್ಥೆಯ ತಿರುಳಿಗೆ ಕೆ.ವಿ.ಎಂ. ಎಂಬ ಭಾಗವು ಸೇರಿತು. ಮನೆಯ ಕಂಪ್ಯೂಟರಿನಲ್ಲಿಯೂ ಇದು ಸುಲಭವಾಯಿತು.

ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿಯ ಬಳಿ ಇಂತಹ ಒಂದು ಕಂಪ್ಯೂಟರು ಇದೆಯೆಂದು ಭಾವಿಸೋಣ. ಅದರೊಳಗಿನ ಕಲ್ಪಿತ ಯಂತ್ರವೊಂದರಲ್ಲಿ ಆಕೆ ತಾನು ರಚಿಸಿದ ಜಾಲತಾಣವನ್ನು ಇಟ್ಟಿದ್ದಾಳೆ. ಮನೆಗೆ ಬಂದ ಗೆಳತಿಯರು ಅದನ್ನು ತಮ್ಮ ಮೊಬೈಲಿನಲ್ಲಿ ನೋಡಬೇಕು. ಆದರೆ ಇಂತಹ ಯಂತ್ರಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಎಂಬ ತಂತ್ರಾಂಶವು ಮೊದಲಿಗೆ ಒದಗಿಸುವ ಒಳಜಾಲದಲ್ಲಿ, ಒಳಗಿನಿಂದ ಹೊರಕ್ಕೆ ದಾರಿಯುಂಟು, ಹೊರಗಿನಿಂದ ಒಳಕ್ಕೆ ತಾನಾಗಿ ದಾರಿಯಿಲ್ಲ. ಕಂಪ್ಯೂಟರಿನ 8080ನೆಯ ಪೋರ್ಟಿಗೆ ಬಂದ ಕೋರಿಕೆಯನ್ನು ಒಳಯಂತ್ರದ 80ನೆಯ ಪೋರ್ಟಿಗೆ ಕಳುಹಿಸಬೇಕೆಂಬ ನಿಯಮವನ್ನು ಬರೆದಾಗಲೇ ಬಾಗಿಲು ತೆರೆಯುವುದು.

ತೆರೆದ ಬಾಗಿಲನ್ನು ಮುಚ್ಚುವವರಾರು? ಒಳಯಂತ್ರವು ನಿಂತರೂ ನಿಯಮವು ಉಳಿದೇ ಇರುತ್ತದೆ. ಮುಂದೊಂದು ದಿನ ಅದೇ ವಿಳಾಸವನ್ನು ತನ್ನ ಖಾಸಗಿ ಕಡತಗಳಿರುವ ಬೇರೊಂದು ಯಂತ್ರಕ್ಕೆ ಆಕೆ ಕೊಟ್ಟರೆ, ಹೊರಗಿನವರ ಕೋರಿಕೆಗಳು ನೇರವಾಗಿ ಆ ಯಂತ್ರವನ್ನೇ ಮುಟ್ಟುವುವು. ಮನುಷ್ಯನ ನೆನಪನ್ನು ನಂಬಿ ಈ ಕೆಲಸವನ್ನು ಬಿಡಲಾಗದು.

ಇದಕ್ಕೆ ಪರಿಹಾರವಾಗಿ ಲಿಬ್‌ವರ್ಟ್‌ನಲ್ಲಿ 2010ರಲ್ಲಿ ಹುಕ್, ಎಂದರೆ ಕೊಕ್ಕೆ, ಎಂಬ ಏರ್ಪಾಡು ಬಂದಿತು. 2014ರಲ್ಲಿ ಜಾಲದ ಘಟನೆಗಳಿಗೂ ಅದು ವಿಸ್ತರಿಸಿತು. ಮಾಡಬೇಕಾದ ಆಜ್ಞೆಗಳನ್ನು ಸ್ಕ್ರಿಪ್ಟಾಗಿ ಬರೆದು, 'ಹುಕ್ಸ್' ಎಂಬ ಕೋಶದಲ್ಲಿ 'ನೆಟ್‌ವರ್ಕ್' ಎಂಬ ಹೆಸರಿನಿಂದ ಇಡಬೇಕು. ಜಾಲವು ತೊಡಗಿದಾಗ, ಯಂತ್ರವೊಂದು ಅದಕ್ಕೆ ಸೇರಿದಾಗ, ಅದನ್ನು ಬಿಟ್ಟಾಗ, ಜಾಲವೇ ನಿಂತಾಗ ಲಿಬ್‌ವರ್ಟ್ ಈ ಸ್ಕ್ರಿಪ್ಟನ್ನು ಎಬ್ಬಿಸಿ, ಯಾವ ಜಾಲ, ಯಾವ ಘಟನೆ ಎಂಬುದನ್ನು ತಿಳಿಸುತ್ತದೆ. ಯಂತ್ರವು ಸೇರಿತೆಂದರೆ ಸ್ಕ್ರಿಪ್ಟು ನಿಯಮವನ್ನು ಹಾಕುತ್ತದೆ, ಬಿಟ್ಟಿತೆಂದರೆ ತೆಗೆಯುತ್ತದೆ. ವಿದ್ಯುತ್ತು ಹೋದರೆ, ಬೇರೆಡೆ ಉಳಿಸಿಡದ ನಿಯಮಗಳು ಸ್ಮೃತಿಯೊಡನೆ ಅಳಿಯುತ್ತವೆ. ವಿದ್ಯುತ್ತು ಮರಳಿ ಯಂತ್ರವು ಮತ್ತೆ ಜಾಲವನ್ನು ಸೇರಿದೊಡನೆ ಸ್ಕ್ರಿಪ್ಟು ಅವನ್ನು ಪುನಃ ಬರೆಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಜಾಲವು ತೊಡಗುವ ಮುನ್ನ ಓಡುವ ಸ್ಕ್ರಿಪ್ಟು ವಿಫಲವಾದರೆ ಜಾಲವೇ ತೊಡಗುವುದಿಲ್ಲ. ಅಲ್ಲದೆ, ಸ್ಕ್ರಿಪ್ಟು ತಿರುಗಿ ಲಿಬ್‌ವರ್ಟನ್ನೇ ಏನನ್ನಾದರೂ ಕೇಳಬಾರದು. ಸ್ಕ್ರಿಪ್ಟು ಮುಗಿಯಲೆಂದು ಲಿಬ್‌ವರ್ಟ್ ಕಾಯುತ್ತಿರುವಾಗ, ಲಿಬ್‌ವರ್ಟಿನ ಉತ್ತರಕ್ಕಾಗಿ ಸ್ಕ್ರಿಪ್ಟೂ ಕಾಯತೊಡಗಿದರೆ ಎರಡೂ ನಿಂತಲ್ಲಿಯೇ ನಿಲ್ಲುವುವು.

ಯಂತ್ರವು ತಾನಾಗಿ ಬಾಗಿಲು ತೆರೆಯುವುದು ಸೋಜಿಗವೆನಿಸಬಹುದು. ಆದರೆ ತೆರೆಯುವ ಪ್ರತಿಯೊಂದು ಆಜ್ಞೆಗೂ ಮುಚ್ಚುವ ಆಜ್ಞೆಯನ್ನು ಜೊತೆಗೂಡಿಸಿ ಬರೆಯುವ ಹೊಣೆ ನಮ್ಮದು. ನಾವು ಬರೆಯದೆ ಬಿಟ್ಟುದನ್ನು ಯಂತ್ರವು ತಾನಾಗಿ ಊಹಿಸಲಾರದು.