ಬಿಸಿಲಿಗೆ ಹಿಂದೆ ಬೀಳುವ ಗಡಿಯಾರ

ಕಮಲಾಪುರದ ಹತ್ತಿರ, ತುರ್ತು ಕಾಲುವೆ ಬದಿಯ ಬಾಳೆ ತೋಟದಲ್ಲಿ ಕಂಡ ಎರಡು ಪ್ಲಾಸ್ಟಿಕ್ ಡಬ್ಬಿಗಳು ಇನ್ನೂ ತಲೆಯಿಂದ ಇಳಿದಿಲ್ಲ. ಒಂದು ಕಾಲುವೆ ದಂಡೆಯ ಕಂಬದ ಮೇಲೆ, ಬಟಾಬಯಲಲ್ಲಿ; ನೀರಿನ ಮಟ್ಟ ಅಳೆಯುತ್ತದೆ. ಇನ್ನೊಂದು ಬಾಳೆ ನೆರಳಿನ ಗುಡಿಸಲಲ್ಲಿ. ನೀರು ಬಂದರೆ ಕೆಂಪು ದೀಪ ಹಚ್ಚುತ್ತದೆ. ಮಾಡಿದವನು ರೈತರ ಮಗ, ಹೊಸಪೇಟೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ‘ಸ್ಮಾರ್ಟ್ ಕೃಷಿ’ ಬ್ಯಾನರ್ ಕಂಡರೆ ಅನುಮಾನಪಡುವವನು ನಾನು. ಪುಣ್ಯಕ್ಕೆ ಇಲ್ಲಿ ಬ್ಯಾನರ್ ಇರಲಿಲ್ಲ.

ಎರಡರಲ್ಲೂ ಇಎಸ್‌ಪಿ32 ಚಿಪ್. ರೂಟರ್ ಬೇಡ, ಸಿಮ್ ಬೇಡ. ಇಎಸ್‌ಪಿ-ನೌ ಪದ್ಧತಿಯಲ್ಲಿ ಚುಟುಕು ಸಂದೇಶ ನೇರ ಹೋಗುತ್ತದೆ. ಆದರೆ ಎರಡೂ ಬ್ಯಾಟರಿ ಮೇಲೆ ಬದುಕುವಂಥವು. ಹತ್ತು ನಿಮಿಷಕ್ಕೊಮ್ಮೆ ಎದ್ದು, ಮಾತಾಡಿ, ಮಲಗಬೇಕು. ಒಂದು ಕೂಗುವಾಗ ಇನ್ನೊಂದು ನಿದ್ದೆಯಲ್ಲಿದ್ದರೆ ಕಥೆ ಮುಗಿಯಿತು.

“ಬಿಸ್ಲಿಗೆ ಕಂಬದ್ದು ಹಿಂದೆ ಬೀಳ್ತೈತ್ರಿ ಸಾರ್” ಅಂದ ಹುಡುಗ. ನಾನು ನಂಬಲಿಲ್ಲ, ಲೆಕ್ಕ ಹಾಕಿ ತೋರಿಸಿದ. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು, ಕೈಗಡಿಯಾರದಲ್ಲಿರುವಂಥದ್ದೇ, ಎರಡು ಡಬ್ಬಿಗಳಲ್ಲೂ ಹೊತ್ತು ಎಣಿಸುತ್ತದೆ. 25 ಡಿಗ್ರಿ ಆಸುಪಾಸಿನಲ್ಲಿ ಅದರ ಓಟ ಅತಿ ಚುರುಕು. ಕಾದರೂ ನಿಧಾನ, ತಣ್ಣಗಾದರೂ ನಿಧಾನ. ಆ 25ರಿಂದ ಅಂತರ ಇಮ್ಮಡಿಯಾದರೆ ನಿಧಾನ ನಾಲ್ಮಡಿ! ಡಬ್ಬಿಯೊಳಗೆ 55 ಡಿಗ್ರಿ ಏರಿತೆನ್ನಿ, ಹತ್ತು ನಿಮಿಷಕ್ಕೆ ಸುಮಾರು 18 ಮಿಲಿಸೆಕೆಂಡ್ ಹಿಂದೆ. ದಿನವಿಡೀ ಹಾಗೇ ಕಾದರೆ ಎರಡೂವರೆ ಸೆಕೆಂಡ್ ದಾಟುತ್ತದೆ. ಹೊಸಪೇಟೆ ಸೀಮೆಯ ಬೇಸಿಗೆ ಗಡಿಯಾರವನ್ನೂ ಬಿಡುವುದಿಲ್ಲ.

ಮದ್ದು ಸರಳ. ಕಂಬದ್ದು ಹೇಳಿದ್ದೇ ಹೊತ್ತು. ಪ್ರತಿ ಸಂದೇಶಕ್ಕೂ ಗುಡಿಸಲಿನದು ತನ್ನ ಎಣಿಕೆ ತಿದ್ದಿಕೊಳ್ಳುತ್ತದೆ, ಮುಂದಿನ ಸಲ ತುಸು ಮೊದಲೇ ಎದ್ದು ಕಿವಿಗೊಡುತ್ತದೆ. ಸಂದೇಶ ತಪ್ಪಿದರೆ ಕಾಯುವ ಹೊತ್ತು ಹಿಗ್ಗುತ್ತದೆ. ನೂರು ಮೀಟರ್ ದಾಟಲು ರೇಡಿಯೊ ಅಲೆಗೆ ಮೈಕ್ರೋಸೆಕೆಂಡಿನ ಮೂರನೇ ಒಂದು ಪಾಲು ಸಾಕು, ತಡವೆಲ್ಲ ಚಿಪ್‌ನೊಳಗಿನದು.

ಎರಡು ಯಂತ್ರಗಳನ್ನು ಜೊತೆಗೆ ಹೆಜ್ಜೆ ಹಾಕಿಸುವ ಹಟ ಹಳೆಯದು. 1665ರಲ್ಲಿ ವಿಜ್ಞಾನಿ ಹೈಗನ್ಸ್ ಅಕ್ಕಪಕ್ಕ ತೂಗುಹಾಕಿದ ಲೋಲಕ ಗಡಿಯಾರಗಳು ತಾವೇ ತಾಳ ಹಿಡಿದದ್ದನ್ನು ಕಂಡ. 1942ರಲ್ಲಿ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಪಡೆದ ಪೇಟೆಂಟ್‌ನಲ್ಲಿ, ಟಾರ್ಪಿಡೊ ಮತ್ತು ಹಡಗು ಪಿಯಾನೊ ಸುರುಳಿಯಂಥ ಕಾಗದದ ನೆರವಿನಿಂದ ಒಟ್ಟಿಗೆ ತರಂಗಾಂತರ ಬದಲಿಸುತ್ತಿದ್ದವು.

ಹುಡುಗನ ಈಗಿನ ತಕರಾರು ಬಾಳೆ ಎಲೆಯ ಮೇಲೆ. ಮಳೆಯಲ್ಲಿ ನೆನೆದ ಎಲೆ ಈ ಚಿಪ್‌ಗಳ 2.4 ಗಿಗಾಹರ್ಟ್ಜ್ ಅಲೆಯನ್ನು ಹೀರುತ್ತದೆ. ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಜ್‌ಗೆ ಇಳಿದರೆ ತೋಟ ದಾಟುವುದು ಸುಲಭ, ಅದಕ್ಕೆ ಬೇರೆ ರೇಡಿಯೊ ಬೇಕು. ಅಪ್ಪ ಮಾತ್ರ ಕಂಬ ಎತ್ತರಿಸು ಅನ್ನುತ್ತಿದ್ದಾರೆ. ನನ್ನ ಮತವೂ ಅವರಿಗೇ.