ತನ್ನ ಹಾಡು ಬದಿಗಿಟ್ಟ ಹಾಡುಗಾರ!
ಜೂಲಿಯಾ ರಾಬರ್ಟ್ಸ್ ಕೈಹಿಡಿದಿದ್ದ ಲೈಲ್ ಲವೆಟ್ ತೀರಿಸಿದ ಗುರುಋಣದ ಕಥೆ

‘ಪ್ರೆಟಿ ವುಮನ್’ ಬೆಡಗಿ ಜೂಲಿಯಾ ರಾಬರ್ಟ್ಸ್ ಯಾರಿಗೆ ಗೊತ್ತಿಲ್ಲ ಹೇಳಿ! 1993ರ ಜೂನ್‌ನಲ್ಲಿ ಆಕೆ ದಿಢೀರನೆ ಮದುವೆಯಾದಾಗ ಹಾಲಿವುಡ್‌ಗೆ ಹಾಲಿವುಡ್ಡೇ ಮೂಗಿನ ಮೇಲೆ ಬೆರಳಿಟ್ಟಿತು. ವರಮಹಾಶಯ ಯಾರು? ಕಟ್ಟುಮಸ್ತಾದ ಹೀರೋ ಅಲ್ಲ, ಕೋಟ್ಯಧೀಶ ನಿರ್ಮಾಪಕನೂ ಅಲ್ಲ. ಉದ್ದನೆ ಮುಖ, ತಲೆಯ ಮೇಲೆ ಗೋಪುರದ ಹಾಗೆ ಎದ್ದು ನಿಂತ ಗುಂಗುರು ಕೂದಲು, ಕೈಯಲ್ಲೊಂದು ಗಿಟಾರ್... ಟೆಕ್ಸಾಸ್ ರಾಜ್ಯದ ಹಾಡುಗಾರ ಲೈಲ್ ಲವೆಟ್!

ಎರಡು ವರ್ಷ ತುಂಬುವ ಮೊದಲೇ, 1995ರಲ್ಲಿ, ಇಬ್ಬರೂ ಬೇರೆಯಾದರು. ಗುಸುಗುಸು ಅಂಕಣಗಳಿಗೆ ಸುಗ್ಗಿಯೋ ಸುಗ್ಗಿ! ಅದು ಹಳೇ ಕಥೆ, ಬಿಡಿ. ಅದಾಗಿ ಮೂರು ವರ್ಷಕ್ಕೆ ಈ ಆಸಾಮಿ ಮಾಡಿದ ಕೆಲಸವೊಂದಿದೆ. ಹೇಳಬೇಕಾದ್ದು ಅದನ್ನು.

ಇಪ್ಪತ್ತೊಂದರಲ್ಲಿ ತನ್ನದು ಒಂದೂ ಇಲ್ಲ!

ಲವೆಟ್ ಬರೀ ತಾರೆಯ ಗಂಡನಾಗಿ ಹೆಸರಾದವನಲ್ಲ. ಅಮೆರಿಕದ ಹಳ್ಳಿಗಾಡಿನ ಬದುಕಿನಿಂದ ಹುಟ್ಟಿದ ‘ಕಂಟ್ರಿ’ ಸಂಗೀತದಲ್ಲಿ ಅವನದೇ ಒಂದು ದಾರಿ. 1989ರ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂದಿತ್ತು. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಬೆಳ್ಳಿತೆರೆಗೂ ಎಳೆತಂದರು. ‘ದಿ ಪ್ಲೇಯರ್’ (1992) ಚಿತ್ರದಲ್ಲಿ ಪೊಲೀಸ್ ಪತ್ತೇದಾರ. ‘ಶಾರ್ಟ್ ಕಟ್ಸ್’ನಲ್ಲಿ (1993), ಮಾಡಿಟ್ಟ ಕೇಕನ್ನು ಯಾರೂ ಒಯ್ಯಲಿಲ್ಲವೆಂದು ಫೋನ್ ಮಾಡಿ ಮಾಡಿ ಕಾಡುವ ಬೇಕರಿಯವ. ಚಿಕ್ಕ ಪಾತ್ರ, ಆದರೆ ಮರೆಯೋಕಾಗಲ್ಲ.

ಹೆಸರಿತ್ತು, ಬೇಡಿಕೆಯಿತ್ತು. ತನ್ನ ಹಾಡು ತಾನೇ ಬರೆದುಕೊಳ್ಳುವವನೆಂಬ ಖ್ಯಾತಿಯೂ ಇತ್ತು. ಮುರಿದ ಮದುವೆಯ ಬಗ್ಗೆ ನಾಲ್ಕು ಅಳುವ ಹಾಡು ಬರೆದಿದ್ದರೆ ಜನ ಮುಗಿಬಿದ್ದು ಕೊಳ್ಳುತ್ತಿದ್ದರೇನೋ! ಆದರೆ 1998ರಲ್ಲಿ ಅವನು ಹೊರತಂದದ್ದು ‘ಸ್ಟೆಪ್ ಇನ್‌ಸೈಡ್ ದಿಸ್ ಹೌಸ್’. ಎರಡು ಡಿಸ್ಕ್, ಇಪ್ಪತ್ತೊಂದು ಹಾಡು. ಅದರಲ್ಲಿ ತಾನು ಬರೆದದ್ದು ಒಂದೂ ಇಲ್ಲ! ಹೆಚ್ಚಿನವು ತನ್ನ ಸೀಮೆಯ, ಟೆಕ್ಸಾಸ್‌ನಲ್ಲಿ ಹಾಡಿ ಬೆಳೆದ ಹಾಡುಬರಹಗಾರರವು.

ಕ್ಯಾಸೆಟ್ ಹಿಡಿದು ಅಲೆದ ಗುರು

ಯಾಕೆ ಹೀಗೆ ಮಾಡಿದ? ಉತ್ತರ ಕಾಲೇಜು ದಿನಗಳಲ್ಲಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗ, ವಿದ್ಯಾರ್ಥಿ ಪತ್ರಿಕೆಗಾಗಿ ಹಾಡುಗಾರರನ್ನು ಹುಡುಕಿಕೊಂಡು ಹೋಗಿ ಸಂದರ್ಶನ ಮಾಡುತ್ತಿದ್ದ. ಅವರ ಹಾಡು ಕೇಳಿ ಕೇಳಿಯೇ ತಾನೂ ಕಲಿತ. ಅಲ್ಲಿ ಗೆಳೆಯನಾದ ರಾಬರ್ಟ್ ಅರ್ಲ್ ಕೀನ್ ಬರೆದ ಹಾಡೂ ಈ ಆಲ್ಬಮ್‌ನಲ್ಲಿದೆ.

ಇನ್ನು ಗೈ ಕ್ಲಾರ್ಕ್. ಟೆಕ್ಸಾಸ್‌ನವರು, ಗಿಟಾರನ್ನೂ ಕೈಯಾರೆ ತಯಾರಿಸುತ್ತಿದ್ದ ಹಿರಿಯ. ಲವೆಟ್ ಯಾರೆಂದೇ ಜಗತ್ತಿಗೆ ಗೊತ್ತಿಲ್ಲದಾಗ ಅವನ ಕ್ಯಾಸೆಟ್ಟೊಂದು ಇವರ ಕೈ ಸೇರಿತು. ಹುಡುಗನ ಮುಖಪರಿಚಯವಿಲ್ಲ. ಆದರೂ ನ್ಯಾಶ್‌ವಿಲ್ ನಗರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ‘ಇದನ್ನ ಕೇಳಿ’ ಅಂತ ಹಾಕಿ ಕೇಳಿಸಿದರು. 1986ರಲ್ಲಿ ಲವೆಟ್‌ನ ಮೊದಲ ಆಲ್ಬಮ್ ಬಂತು. ಒಬ್ಬನನ್ನೊಬ್ಬ ತುಳಿಯುವ ಈ ಲೈನಿನಲ್ಲಿ ಹೀಗೆ ಕೈಹಿಡಿದು ಎತ್ತುವವರು ಎಷ್ಟು ಜನ ಸಿಗ್ತಾರೆ, ನೀವೇ ಹೇಳಿ!

ಹನ್ನೆರಡು ವರ್ಷದ ಮೇಲೆ ಶಿಷ್ಯ ಆಲ್ಬಮ್‌ಗೆ ಹೆಸರಾಗಿ ಆರಿಸಿದ್ದು ಕ್ಲಾರ್ಕ್ ಹೊಸದಾಗಿ ಹಾಡು ಕಟ್ಟತೊಡಗಿದ್ದ ಕಾಲದ ಒಂದು ಹಾಡನ್ನು. ಬರೆದ ಕ್ಲಾರ್ಕೇ ತಮ್ಮ ಆಲ್ಬಮ್‌ಗಳಲ್ಲಿ ಅದನ್ನು ಹಾಡಿರಲಿಲ್ಲ. ಬಂದವರನ್ನು ಮನೆಯೊಳಗೆ ಕರೆದು, ಇರುವ ನಾಲ್ಕು ಹಳೇ ಸಾಮಾನು ತೋರಿಸಿ, ಒಂದೊಂದರ ಹಿಂದಿನ ನೆನಪು ಹೇಳುವ ಹಾಡದು. ಮಾರಿದರೆ ಕಾಸು ಹುಟ್ಟದ ಸಾಮಾನು, ಆದರೆ ಅವನ ಪಾಲಿಗೆ ಅದೇ ಆಸ್ತಿ. ಆಲ್ಬಮ್ ಪೂರ್ತಿ ಹಾಗೇ ಇದೆ!

ಹೋದವರು, ಬದುಕಿ ಬಂದವರು

ಟೌನ್ಸ್ ವ್ಯಾನ್ ಜಾಂಟ್ ಹೆಸರು ಕೇಳಿದ್ದೀರಾ? ಅವರ ‘ಪಾಂಚೋ ಅಂಡ್ ಲೆಫ್ಟಿ’ಯನ್ನು ವಿಲ್ಲಿ ನೆಲ್ಸನ್, ಮರ್ಲ್ ಹ್ಯಾಗರ್ಡ್ ಜೋಡಿ ಹಾಡಿ 1983ರಲ್ಲಿ ಕಂಟ್ರಿ ಪಟ್ಟಿಯ ನಂಬರ್ ಒನ್ ಮಾಡಿತು. ಹಾಡು ಮೆರೆಯಿತು, ಬರೆದವರನ್ನು ಕುಡಿತ ತಿಂದುಹಾಕಿತು. 1997ರ ಜನವರಿ 1ರಂದು, 52ನೇ ವಯಸ್ಸಿಗೆ ತೀರಿಕೊಂಡರು. ಮರುವರ್ಷದ ಈ ಆಲ್ಬಮ್‌ನಲ್ಲಿ ಅವರ ಹಾಡು ಒಂದಕ್ಕಿಂತ ಹೆಚ್ಚಿವೆ.

ವಾಲ್ಟರ್ ಹಯಟ್ ಸೌತ್ ಕೆರೊಲಿನಾದಿಂದ ಬಂದು ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ನೆಲೆ ಕಂಡವರು. ಅವರ 1990ರ ಆಲ್ಬಮ್‌ಗೆ ಲವೆಟ್ಟೇ ನಿರ್ಮಾಪಕ. 1996ರ ಮೇ 11ರಂದು ಫ್ಲೋರಿಡಾದ ಜೌಗಿನಲ್ಲಿ ವಿಮಾನ ಬಿದ್ದು 110 ಜನ ಸತ್ತರಲ್ಲ, ಅದರಲ್ಲಿ ಹಯಟ್ ಕೂಡ ಒಬ್ಬರು. ಅವರ ಹಾಡೂ ಇಲ್ಲಿ ಉಳಿಯಿತು.

ವಿನ್ಸ್ ಬೆಲ್ ಕಥೆ ಸಿನಿಮಾದಲ್ಲಿ ಬಂದರೆ ನಾವು ನಂಬಲ್ಲ! 1982ರಲ್ಲಿ ಕುಡಿದವನೊಬ್ಬ ಓಡಿಸಿದ ಕಾರು ಗುದ್ದಿ ಮಿದುಳಿಗೆ, ಬಲಗೈಗೆ ಭಾರೀ ಪೆಟ್ಟು. ನಡೆಯುವುದು, ಮಾತಾಡುವುದು, ಗಿಟಾರ್ ನುಡಿಸುವುದು, ಎಲ್ಲವನ್ನೂ ಮೊದಲಿನಿಂದ ಕಲಿತರು. 1994ರಲ್ಲಿ ಆಲ್ಬಮ್ ತಂದೇಬಿಟ್ಟರು. ಅದರ ಹೆಸರು ‘ಫೀನಿಕ್ಸ್’. ಬೂದಿಯಿಂದ ಎದ್ದ ಹಕ್ಕಿ! ಅವರ ಹಾಡನ್ನೂ ಲವೆಟ್ ಬಿಟ್ಟಿಲ್ಲ.

ಸ್ಟೀವನ್ ಫ್ರಾಮ್‌ಹೋಲ್ಜ್ 1969ರಲ್ಲಿ ಹೊರತಂದಿದ್ದ ‘ಟೆಕ್ಸಾಸ್ ಟ್ರಿಲಜಿ’ ಇದೆ. ರೈಲು ನಿಲ್ಲುವುದು ತಪ್ಪಿದ ಪುಟ್ಟ ಊರು, ಅಲ್ಲೇ ಉಳಿದು ಸಂಸಾರ ಹೂಡಿದ ಜೋಡಿ... ಮೂರೇ ಭಾಗದಲ್ಲಿ ಒಂದು ಊರಿನ ಬದುಕು.

ಸಣ್ಣಕ್ಷರದ ಹೆಸರು

ಫ್ರಾಮ್‌ಹೋಲ್ಜ್ 2014ರಲ್ಲಿ, ಗೈ ಕ್ಲಾರ್ಕ್ 2016ರಲ್ಲಿ ಹೊರಟುಹೋದರು. ಆದರೆ ಇಬ್ಬರೂ ತಮ್ಮ ಹಾಡನ್ನು ಲವೆಟ್ ದನಿಯಲ್ಲಿ ಕೇಳಿಯೇ ಹೋದರು. ಸತ್ತ ಮೇಲೆ ಹಾರ ಹಾಕುವವರು ಬೇಕಾದಷ್ಟು ಜನ. ಬದುಕಿದ್ದಾಗಲೇ ಋಣ ತೀರಿಸುವವರು ಕಡಿಮೆ.

ಹಾಡಿದವನ ಫೋಟೋ ಕವರಿನ ಮುಂದೆ ದೊಡ್ಡದಾಗಿ ಬರುತ್ತೆ, ಬರೆದವನ ಹೆಸರು ಹಿಂದೆ ಸಣ್ಣಕ್ಷರದಲ್ಲಿ. ಈ ಆಲ್ಬಮ್ ಸಿಕ್ಕರೆ ಒಮ್ಮೆ ಆ ಸಣ್ಣಕ್ಷರವನ್ನೂ ಓದಿ. ಜೂಲಿಯಾಳ ಮಾಜಿ ಗಂಡ ಲೋಕಕ್ಕೆ ತೋರಿಸಬೇಕೆಂದಿದ್ದು ಅದನ್ನೇ!