ಬಿತ್ತದ ಹೊಲಕ್ಕೂ ಬಾಡಿಗೆ

ಅಮೆರಿಕದಲ್ಲಿ ಬಿತ್ತದೆ ಬಿಟ್ಟ ಹೊಲಕ್ಕೂ ಸರ್ಕಾರ ಹಣ ಕೊಡುತ್ತಂತೆ, ನಿಜಾನಾ ಅಂತ ಸಂಘದ ಸಭೆಯಲ್ಲಿ ಕೇಳಿದಿರಿ. ನಿಜ. 1985ರ ಕಾಯ್ದೆಯಿಂದ ಬಂದ ಈ ಯೋಜನೆಯ ಹೆಸರು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. ಮಣ್ಣು ಕೊಚ್ಚಿಹೋಗುವ ಹೊಲದಲ್ಲಿ ರೈತರು 10ರಿಂದ 15 ವರ್ಷ ಬೆಳೆ ನಿಲ್ಲಿಸಿ ಹುಲ್ಲು, ಮರ ಬೆಳೆಸಬೇಕು. ಸರ್ಕಾರ ವರ್ಷಕ್ಕೊಮ್ಮೆ ಬಾಡಿಗೆ ಕೊಡುತ್ತದೆ. ಪುಕ್ಕಟೆ ದುಡ್ಡೇನಲ್ಲ; ಮಧ್ಯದಲ್ಲಿ ಕರಾರು ಮುರಿದರೆ ಪಡೆದದ್ದನ್ನೆಲ್ಲ ಬಡ್ಡಿ ಸಮೇತ ವಾಪಸು ಕಟ್ಟಬೇಕು.

ಬೇಸಾಯವೇ ನಿಂತರೆ ಕೂಲಿಯವರ ಗತಿ ಏನು? ನಮಗೂ ಮೊದಲು ಬಂದ ಪ್ರಶ್ನೆ ಇದೇ. ಬೀಜ, ಗೊಬ್ಬರದ ಅಂಗಡಿಗೂ ವ್ಯಾಪಾರ ಇರೋದಿಲ್ಲ. ಅದಕ್ಕೇ ಒಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ಶೇ. 25ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಬಾಡಿಗೆ ಮಾತ್ರ ಕರಾರಿಗೆ ಸಹಿ ಹಾಕಿದವರಿಗೇ. ಕೂಲಿಯವರಿಗೆ ಅದರಲ್ಲಿ ಪಾಲಿಲ್ಲ.